ಕಟ್ಟೆಯ ಪಾಠ ಕಿಸುಮುವಿಗೆ ಹೋದದ್ದು

ಭಾಗ್ಯಾ, ಮಂಜು, ನಾನು ಕೀನ್ಯಾ ದೇಶದಿಂದ ತಿರುಗಿ ಬಂದ ದಿನ ನೀವಿಬ್ಬರೂ ಬಾಗಿಲಲ್ಲೇ ನಿಂತು ಕೇಳಿದ್ದು ಸಿಂಹ ನೋಡಿದೆಯಾ ಎಂದು. ಸಿಂಹ ನೋಡಲಿಲ್ಲ. ಆದರೂ ಅಲ್ಲಿದ್ದಷ್ಟು ದಿನ ಹೆದರಿಕೊಂಡೇ ಇದ್ದೆ. ಯಾಕೆಂದು ಬಾಯಿಂದ ಹೇಳಲು ಆಗಲಿಲ್ಲ. ನಾಲ್ಕು ಜನ ಕೂತರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ, ಅದು ನಿಮಗೂ ಗೊತ್ತು. ಊರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆಯಲ್ಲ ಎಂದು ಬರೆಯಲು ಕೂತಿದ್ದೇನೆ.

ಅಳವಂಡಿ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಆಶಾ ಕಾರ್ಯಕರ್ತೆಯಾದೆ. ಬಸುರಿಯರ ಮನೆಗೆ ಹೋಗುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಹಸುಗೂಸು ಮನೆಗೆ ಬಂದ ಮೇಲೆ ಹೋಗಿ ಹೋಗಿ ನೋಡುವುದು ನಮ್ಮ ಕೆಲಸ. ಅಳವಂಡಿ ದೊಡ್ಡ ಊರಾದ್ದರಿಂದ ನಾವು ಏಳು ಮಂದಿ ಇದ್ದೇವೆ.

ಹೋದ ವರ್ಷ ಒಂದು ಸಂಸ್ಥೆಯವರು ಜಿಲ್ಲೆಗೆ ಬಂದರು. ನಮ್ಮಂಥವರಿಗೆ ಹಸುಗೂಸಿನ ಆರೈಕೆ ಕಲಿಸಲು ಯಾವ ದಾರಿ ಒಳ್ಳೆಯದೆಂದು ನೋಡುವುದು ಅವರ ಉದ್ದೇಶ. ಗಂಗಾವತಿ ಕಡೆಯವರನ್ನು ದೊಡ್ಡ ಟಿವಿಯ ಮುಂದೆ ಕೂರಿಸಿದರು. ಟಿವಿಯೊಳಗಿನ ಡಾಕ್ಟರು ಆ ಹೊತ್ತಿಗೇ ಮಾತಾಡುತ್ತಿರುತ್ತಾರೆ, ನಾವು ಕೇಳಿದರೆ ಉತ್ತರ ಕೊಡುತ್ತಾರೆ. ಕುಷ್ಟಗಿ ಕಡೆಯವರ ಕೈಗೆ ಟ್ಯಾಬ್ ಕೊಟ್ಟರು. ಅದರಲ್ಲಿ ಓದಬೇಕು, ವಿಡಿಯೊ ನೋಡಬೇಕು. ನಮ್ಮ ಕೊಪ್ಪಳ ತಾಲೂಕಿಗೆ ಬಂದದ್ದು ಫೋನಿನ ಪಾಠ. ಮಧ್ಯಾಹ್ನ ಫೋನ್ ಬರುತ್ತದೆ. ಎತ್ತಿದರೆ ಒಬ್ಬ ಹೆಣ್ಣುಮಗಳು ನಮ್ಮ ಮಾತಿನಲ್ಲೇ ಪಾಠ ಹೇಳಿ, ಕೊನೆಗೆ ಪ್ರಶ್ನೆ ಕೇಳುತ್ತಾಳೆ. ಹೌದಾದರೆ ಒಂದು ಒತ್ತಬೇಕು, ಅಲ್ಲವಾದರೆ ಎರಡು. ಯಲಬುರ್ಗಾಕ್ಕೆ ಇನ್ನೂ ಏನೂ ಕೊಟ್ಟಿರಲಿಲ್ಲ. ಮೂರರಲ್ಲಿ ಯಾವುದು ಚೆನ್ನಾಗಿ ನಡೆಯುತ್ತದೋ ಅದನ್ನು ಎಲ್ಲ ಕಡೆ ಇಟ್ಟು, ಉಳಿದೆರಡನ್ನು ನಿಲ್ಲಿಸುವ ಮಾತಿತ್ತು.

ನಮ್ಮ ಪಾಠ ನಿಂತರೆ ದೊಡ್ಡ ಪೆಟ್ಟು ಬೀಳುವುದು ಹನುಮವ್ವನಿಗೆ. ಅವಳು ನನಗಿಂತ ಹಿರಿಯಳು, ನಮ್ಮ ಏಳು ಮಂದಿಗೂ ಒಂಥರಾ ಯಜಮಾನಿ. ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಟ್ಯಾಬಿನ ಪರದೆ ಮುಂದಕ್ಕೆ ಓಡಿರುತ್ತದೆ. ಓದಿ ಪಾಸಾಗಬೇಕೆಂದರೆ ಔಷಧಿಯ ಚೀಲ ಒಪ್ಪಿಸಿ ಕೆಲಸ ಬಿಟ್ಟು ಮನೆಗೆ ಹೋಗುವವಳೇ ತಾನು ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅವಳ ಮನೆ ನಡೆಯುವುದು ಈ ಕೆಲಸದ ಮೇಲೆ.

ಮೊದಲ ದಿನ ಅಂಗನವಾಡಿಯ ಕಟ್ಟೆಯ ಮೇಲೆ ಕೂತಿದ್ದಾಗ ಏಳೂ ಫೋನುಗಳು ಒಟ್ಟಿಗೆ ಹೊಡೆದುಕೊಂಡವು. ಎಲ್ಲರೂ ಎತ್ತಿದೆವು. ಒಂದರಲ್ಲಿ ನಮಸ್ಕಾರ ಎನ್ನುವಾಗ ಇನ್ನೊಂದರಲ್ಲಿ ಹೊಕ್ಕಳಬಳ್ಳಿಯ ಮಾತು ನಡೆದಿತ್ತು. ಒಬ್ಬಳೇ ಹೆಣ್ಣುಮಗಳು ಏಳು ಬಾಯಲ್ಲಿ ಏಳು ಮಾತಾಡಿದರೆ ಯಾರಿಗೆ ತಿಳಿಯಬೇಕು? ಹನುಮವ್ವ ಎಲ್ಲರಿಗೂ ಕಟ್ ಮಾಡಿಸಿದಳು. ನನ್ನ ಫೋನಿನ ದನಿ ದೊಡ್ಡದೆಂದು ಅದೊಂದನ್ನು ನಡುವೆ ಇಟ್ಟಳು. ಅಂದಿನಿಂದ ಅದೇ ರೂಢಿಯಾಯಿತು. ಒಬ್ಬರಿಗೆ ತಿಳಿಯದಿದ್ದರೆ ಅದೇ ಪಾಠವನ್ನು ಮತ್ತೆ ಹಾಕುವುದು. ಪ್ರಶ್ನೆ ಬಂದರೆ ಎಲ್ಲರೂ ಜಗಳಾಡಿ, ಒಪ್ಪಿ, ಆಮೇಲೆ ಗುಂಡಿ ಒತ್ತುವುದು. ಒಬ್ಬರು ಪೇಪರು ಓದಿದರೆ ಸುತ್ತ ಕೂತವರು ಕೇಳುವುದಿಲ್ಲವೇ, ಹಾಗೆ. ಇದರಲ್ಲಿ ಏನಾದರೂ ತೊಡಕಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಒಂದು ದಿನ ಸಂಸ್ಥೆಯ ಡಾಕ್ಟರು ಸುಮಾ ಮೇಡಂ ಬಂದರು. ಅವರು ಕುಷ್ಟಗಿಯ ಹೆಣ್ಣುಮಗಳು, ನಮ್ಮಂತೆಯೇ ಮಾತು. ಇಡೀ ತಾಲೂಕಿನಲ್ಲಿ ನಾನೇ ಎಲ್ಲರಿಗಿಂತ ಚೆನ್ನಾಗಿ ಪಾಠ ಕೇಳಿದ್ದೇನಂತೆ. ಕೀನ್ಯಾದ ಕಿಸುಮು ಎಂಬ ಊರಿನಲ್ಲಿ ಬೇರೆ ಬೇರೆ ದೇಶದ ನಮ್ಮಂಥವರು ಸೇರುತ್ತಾರಂತೆ, ಕಲಿತದ್ದು ಹೇಗಿತ್ತೆಂದು ಹೇಳಲು ನಾನು ಹೋಗಬೇಕಂತೆ. ನಾನು ಒಲ್ಲೆನೆಂದು ತಲೆಯಾಡಿಸಿದೆ. ಹನುಮವ್ವ ಮಾತ್ರ ನಕ್ಕಳು.

"ಮೇಡಂ, ಈಕಿ ಬಾಯಿ ತೆರಸಾಕ ಯಾ ಗುಂಡಿ ಒತ್ತಬೇಕಂತ ಆ ದೇಶದವರಿಗೆ ಮೊದಲ ಹೇಳಿ ಕಳಸ್ರಿ," ಎಂದಳು.

ಮೋಡದ ಮೇಲೆ

ಆ ದೇಶಕ್ಕೆ ಹೋಗುವವರು ಹಳದಿ ಜ್ವರದ ಸೂಜಿ ಹಾಕಿಸಿಕೊಳ್ಳಬೇಕು. ಎಷ್ಟೋ ಅವ್ವಂದಿರಿಗೆ ಇರುವೆ ಕಡಿದಷ್ಟೇ ನೋವು ಎಂದು ಹೇಳಿ ಕೂಸುಗಳಿಗೆ ಸೂಜಿ ಹಾಕಿಸಿದವಳು ನಾನು. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಸುಮಾ ಮೇಡಂ ಅವರ ಸೆರಗು ಹಿಡಿದುಕೊಂಡೆ. ಇರುವೆಯ ಮಾತನ್ನು ಇನ್ನು ಮುಂದೆ ಹೇಳಬಾರದೆಂದು ಅಂದುಕೊಂಡೆ.

ವಿಮಾನ ನಿಲ್ದಾಣದಲ್ಲಿ ನನ್ನ ಗುರೆಳ್ಳು ಪುಡಿಯ ಡಬ್ಬಿಯನ್ನು ಹಿಡಿದು ನಿಲ್ಲಿಸಿದರು. ಕರ್ರಗಿನ ಪುಡಿ ಏನೆಂದು ಅವರಿಗೆ ತಿಳಿಯಲಿಲ್ಲ. ಒಬ್ಬ ಅಧಿಕಾರಿ ಮೂಸಿ ನೋಡಿ ಸೀನಿದ. ಮನೆಗೆ ವಾಪಸ್ ಕಳಿಸಿಬಿಡಲಿ ಎಂದು ನನಗೆ ಒಳಗೊಳಗೇ ಆಸೆಯಾಯಿತು. ಸುಮಾ ಮೇಡಂ ಏನೋ ಹೇಳಿ ನಗಿಸಿದರು, ಅವರು ಡಬ್ಬಿಯನ್ನೂ ನನ್ನನ್ನೂ ಬಿಟ್ಟುಬಿಟ್ಟರು.

ವಿಮಾನ ಬೀಳುತ್ತದೆಂಬ ಭಯ ನನಗೆ ಆಗಲಿಲ್ಲ. ನನಗೆ ಭಯವಾದದ್ದು ಸೊಂಟದ ಪಟ್ಟಿಗೆ. ಹಾಕಿಕೊಟ್ಟವರು ಬಿಚ್ಚುವುದು ಹೇಗೆಂದು ಹೇಳಲಿಲ್ಲ. ಮೇಡಂ ಮಲಗಿದ್ದರು. ಆ ಕಡೆ ಕೂತ ಗಂಡಸನ್ನು ಕೇಳಲು ನಾಚಿಕೆ. ದೇಶ ದಾಟಿ, ಸಮುದ್ರ ದಾಟಿ, ಕೆಳಗೆ ಇಳಿಯುವವರೆಗೂ ಕಟ್ಟಿಹಾಕಿದ ಎಮ್ಮೆಯ ಹಾಗೆ ಕೂತೇ ಇದ್ದೆ. ನೀರು ಕೊಟ್ಟರೆ ಬೇಡವೆಂದೆ. ಬೇಡವೆಂದದ್ದು ಯಾಕೆಂದು ನೀವು ಊಹಿಸಿಕೊಳ್ಳಿ.

ಕಿಸುಮು

ಕಿಸುಮು ಒಂದು ದೊಡ್ಡ ಸರೋವರದ ದಂಡೆಯ ಊರು. ಮುನಿರಾಬಾದಿನ ಡ್ಯಾಮು ತುಂಬಿದಾಗ ನಿಂತು ನೋಡಿದರೆ ಆಚೆ ದಂಡೆ ಕಾಣುವುದಿಲ್ಲವಲ್ಲ, ಅದೇ ರೀತಿ. ಮಣ್ಣು ಕೆಂಪು, ಗಾಳಿಗೆ ಮೀನಿನ ವಾಸನೆ. ನಮ್ಮ ಕೋಣೆಯ ಕಿಟಕಿಯ ಎದುರು ಒಂದು ಮರ, ಮರದ ತುಂಬ ಹಕ್ಕಿ. ಹಕ್ಕಿ ಎಂದರೆ ಗುಬ್ಬಿ ಕಾಗೆಯಲ್ಲ. ಮಂಜುವಿನಷ್ಟು ಎತ್ತರ, ಬೋಳು ತಲೆ, ಗಂಟಲಿಗೆ ಜೋತುಬಿದ್ದ ಒಂದು ಚೀಲ. ಕೂಗುವುದಿಲ್ಲ, ಸುಮ್ಮನೆ ನಿಂತು ನೋಡುತ್ತವೆ. ನಾನು ಪರದೆ ಎಳೆದುಕೊಂಡೇ ಇದ್ದೆ.

ಅಲ್ಲಿನ ಜನ ಕೋಣೆಯೊಳಗೆ ಬಂದರೆ ಇದ್ದವರೆಲ್ಲರ ಕೈ ಕುಲುಕುತ್ತಾರೆ. ಗಂಡಸು, ಹೆಂಗಸು, ಕೂಸು, ಯಾರನ್ನೂ ಬಿಡುವುದಿಲ್ಲ. ನನಗೆ ಕೈ ಮುಗಿದು ರೂಢಿ. ನಾನು ಮುಗಿದ ಎರಡೂ ಕೈಗಳನ್ನು ಹಾಗೇ ಹಿಡಿದು ಕುಲುಕಿಬಿಡುತ್ತಿದ್ದರು. ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ನಾವು ಎಡವಿದರೆ, ಚಹಾ ಚೆಲ್ಲಿಕೊಂಡರೆ, ಪಕ್ಕದಲ್ಲಿದ್ದವರು ಯಾರೇ ಆಗಲಿ "ಪೋಲೆ" ಎನ್ನುತ್ತಾರೆ. ನಿನಗೆ ಹೀಗಾಯಿತಲ್ಲ, ಪಾಪ ಎಂದು ಅದರ ಅರ್ಥವಂತೆ. ನಮ್ಮಲ್ಲಾದರೆ ಕಣ್ಣು ಎಲ್ಲಿಟ್ಟಿದ್ದೆ ಎಂದು ಮೊದಲು ಬೈಯುತ್ತಾರೆ. ಊಟಕ್ಕೆ ಗೋವಿನಜೋಳದ ಬಿಳಿ ಮುದ್ದೆ, ಸಣ್ಣಗೆ ಹೆಚ್ಚಿದ ಸೊಪ್ಪಿನ ಪಲ್ಯ. ಮುದ್ದೆಯನ್ನು ಚಿವುಟಿ, ಹೆಬ್ಬೆರಳಿನಿಂದ ಕುಳಿ ಮಾಡಿ, ಪಲ್ಯ ತುಂಬಿ ತಿನ್ನುತ್ತಾರೆ. ನಾನು ಗುರೆಳ್ಳು ಪುಡಿ ಉದುರಿಸಿಕೊಂಡು ತಿಂದೆ. ತುಪ್ಪ ಇದ್ದಿದ್ದರೆ ಮನೆಯ ಊಟವೇ.

ಸಭೆಯ ಮೊದಲ ದಿನ ಗೋಡೆಯ ಮೇಲೆ ಬೆಳಕಿನ ಚಿತ್ರ ಬಿಟ್ಟರು. ಕಂಬ ನಿಲ್ಲಿಸಿದ ಹಾಗೆ ಗೆರೆಗಳು, ಒಬ್ಬೊಬ್ಬಳಿಗೆ ಒಂದು, ಪಾಠ ಕೇಳಿದಷ್ಟೂ ಎತ್ತರ. ಕುಷ್ಟಗಿಯ ಕಂಬಗಳು ಒತ್ತೊತ್ತಾಗಿ ಎತ್ತರವಾಗಿದ್ದವು. ಗಂಗಾವತಿಯವು ಮೊಳಕಾಲುದ್ದ. ಟಿವಿ ಪಾಠದ ಹೊತ್ತಿಗೆ ಕೆಲವರಿಗೆ ಬಸ್ಸು ಸಿಗುವುದಿಲ್ಲ, ಕೆಲವೊಮ್ಮೆ ಕರೆಂಟು ಇರುವುದಿಲ್ಲ. ಕೊಪ್ಪಳದ್ದು ವಿಚಿತ್ರವಾಗಿತ್ತು. ಊರಿಗೆ ಒಂದೇ ಕಂಬ, ಸುತ್ತ ಬರಿ ಬಯಲು. ಅಳವಂಡಿಯ ಕಂಬ ಎಲ್ಲಕ್ಕಿಂತ ಎತ್ತರ.

"ಅದ ನೀವು, ಶಾಂತವ್ವ," ಎಂದು ಸುಮಾ ಮೇಡಂ ಖುಷಿಯಿಂದ ಪಿಸುಗುಟ್ಟಿದರು. "ಒಂದೊಂದು ಪಾಠ ಮೂರ್ಮೂರು ಸಲ ಕೇಳೀರಿ. ಉಳಿದವ್ರು ನೋಡ್ರಿ, ಫೋನ್ ಎತ್ತಿ ಕಟ್ ಮಾಡ್ಯಾರ. ಊರಿಗೆ ಒಬ್ಬಾಕಿ ಮಾತ್ರ ಕೇಳ್ಯಾಳ."

ನನಗೆ ಆಗ ಎಲ್ಲವೂ ಒಮ್ಮೆಗೇ ತಿಳಿಯಿತು. ಪ್ರತಿ ಊರಿನಲ್ಲೂ ಒಂದು ಕಟ್ಟೆ ಇತ್ತು. ಪ್ರತಿ ಕಟ್ಟೆಯಲ್ಲೂ ಒಂದು ದೊಡ್ಡ ದನಿಯ ಫೋನಿತ್ತು. ಉಳಿದವರೆಲ್ಲ ಗದ್ದಲ ಬೇಡವೆಂದು ತಮ್ಮದನ್ನು ಕಟ್ ಮಾಡಿದ್ದರು. ಇಲ್ಲಿ ಕೂತವರಿಗೆ ಅದು, ಯಾರೂ ಕೇಳಲಿಲ್ಲ ಎಂದು ಕಾಣುತ್ತಿತ್ತು. ಯಾರೂ ಕೇಳದ ಪಾಠವನ್ನು ಯಾಕೆ ನಡೆಸುತ್ತಾರೆ? ಯಾವ ಪಾಠ ಉಳಿಯಬೇಕೆಂದು ಮೂರನೆಯ ದಿನ ಅಲ್ಲೇ ತೀರ್ಮಾನ ಎಂದಿದ್ದರು.

ಇದನ್ನು ಯಾರಿಗಾದರೂ ಹೇಳಬೇಕಿತ್ತು. ಹೇಳದಿದ್ದರೆ ಪಾಠ ನಿಲ್ಲುತ್ತದೆ, ಹನುಮವ್ವ ಚೀಲ ಒಪ್ಪಿಸುತ್ತಾಳೆ. ಹೇಳಿದರೆ ಏಳು ಮಂದಿ ಕೂಡಿ ಉತ್ತರ ಒತ್ತಿದಿರಾ, ಕಾಪಿ ಹೊಡೆದಿರಾ ಎಂದು ಕೇಳುತ್ತಾರೆ, ಏಳೂ ಮಂದಿಯ ಹೆಸರು ಕೆಡುತ್ತದೆ. ಅಷ್ಟು ದೊಡ್ಡವರ ನಡುವೆ ಎದ್ದು ನಿಂತು ಹೇಳಬೇಕಾದವಳೂ ನಾನೇ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಸುಮಾ ಮೇಡಂ ಅವರಿಗೆ ಎಲ್ಲ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು. ಆ ಚಿತ್ರ ಮಾಡಿದ್ದು ತಾವೇ ಎಂದರು. ಕಟ್ ಮಾಡಿದವರನ್ನು ಯಾಕೆ ಕಟ್ ಮಾಡಿದಿರಿ ಎಂದು ತಾವು ಕೇಳಲೇ ಇಲ್ಲ ಎಂದರು.

"ನಾ ಹೇಳಿದ್ರ ಅವರು ನಂಬಂಗಿಲ್ಲ, ನಮ್ಮ ಪಾಠ ಉಳಿಸ್ಕೊಳ್ಳಾಕ ಹೇಳಾಕತ್ತಾಳ ಅಂತಾರ," ಎಂದರು. "ನೀವ ಹೇಳ್ಬೇಕು, ಶಾಂತವ್ವ. ನಾ ಇಂಗ್ಲಿಷಿನಾಗ ತಿಳಿಸ್ತೀನಿ. ಒಲ್ಲೆ ಅಂದ್ರ ನಾ ಜುಲ್ಮಿ ಮಾಡಂಗಿಲ್ಲ."

ಅಚಿಯೆಂಗ್‌ಳ ಓಣಿ

ಎರಡನೆಯ ದಿನ ನಮ್ಮನ್ನು ಊರಾಚೆ ಕರೆದುಕೊಂಡು ಹೋದರು. ದಾರಿಯಲ್ಲಿ ಕಾಲುವೆ, ಕಾಲುವೆಯ ಎರಡೂ ಕಡೆ ಭತ್ತದ ಗದ್ದೆ, ಗದ್ದೆಯ ತುಂಬ ಬೆಳ್ಳಕ್ಕಿ. ಗಂಗಾವತಿಯ ಹಾದಿಯಲ್ಲೇ ಹೋಗುತ್ತಿದ್ದೇನೆ, ಇನ್ನೇನು ಸಿರುಗುಪ್ಪದ ಬಸ್ಸು ಎದುರಿಗೆ ಬರುತ್ತದೆ ಎನಿಸಿತು. ಅರೆಗಳಿಗೆ ಭಯ ಮರೆತೆ.

ಅಲ್ಲಿ ನಮ್ಮಂಥದೇ ಕೆಲಸ ಮಾಡುವ ಅಚಿಯೆಂಗ್ ಎಂಬ ಹೆಣ್ಣುಮಗಳ ಜೊತೆ ನನ್ನನ್ನು ಬಿಟ್ಟರು. ದಪ್ಪ ನಗುವಿನ ದಪ್ಪ ಹೆಂಗಸು. ಅದೇ ಸಂಸ್ಥೆಯವರು ಅವಳಿಗೆ ಕೊಟ್ಟದ್ದು ಟ್ಯಾಬಿನ ಪಾಠ. ನನ್ನನ್ನು "ಮಾಮಾ ಶಾಂತಾ" ಎಂದು ಕರೆಯುತ್ತಿದ್ದಳು. ಅಲ್ಲಿ ಮಾಮಾ ಎಂದರೆ ಅವ್ವ. ನನಗೆ ಮಾತ್ರ ನನ್ನ ಸೋದರಮಾವ ನೆನಪಾಗಿ ಪ್ರತಿ ಸಲ ಹಿಂದೆ ತಿರುಗಿ ನೋಡುವಂತಾಗುತ್ತಿತ್ತು.

ತಗಡಿನ ಮಾಡಿನ ಒಂದು ಮನೆಗೆ ಹೋದೆವು. ಹೆತ್ತು ಕೆಲವೇ ದಿನವಾದ ಬಾಣಂತಿ. ಕೂಸು ಒಂದೇ ಸಮನೆ ಕುಂಯ್ ಕುಂಯ್ ಎನ್ನುತ್ತಿತ್ತು, ಮೊಲೆ ಹಿಡಿದು ಬಿಟ್ಟುಬಿಡುತ್ತಿತ್ತು. ಬಂದ ಅತಿಥಿ ದೊಡ್ಡ ಕಲಿತವಳೆಂದು ಅಚಿಯೆಂಗ್ ಗೌರವದಿಂದ ಕೂಸನ್ನು ನನ್ನ ಮಡಿಲಿಗೆ ಕೊಟ್ಟಳು. ನೀನೇ ನೋಡು ಎಂದು ಸನ್ನೆ ಮಾಡಿದಳು.

ಮೈ ಮುಟ್ಟಿದೆ. ಜ್ವರವಿರಲಿಲ್ಲ, ಪಾದ ತಣ್ಣಗಿರಲಿಲ್ಲ. ಅಷ್ಟು ನನಗೆ ಬರುತ್ತದೆ. ಆಮೇಲೆ ಉಸಿರು ನೋಡಬೇಕು. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದೆ. ಪುಟ್ಟ ಎದೆ ಪಟಪಟ ಆಡುತ್ತಿತ್ತು. ಎಲ್ಲಿಂದ ಎಣಿಸುವುದು, ಎಷ್ಟಾದರೆ ಹೆಚ್ಚು, ಪಕ್ಕೆ ಒಳಗೆ ಎಳೆದುಕೊಂಡರೆ ಏನು? ತಲೆ ಖಾಲಿಯಾಗಿತ್ತು. ಯಾಕೆಂದರೆ ಊರಿನಲ್ಲಿ ಆ ಕೆಲಸ ನನ್ನದಲ್ಲ. ನಾವು ಗೊತ್ತಿಲ್ಲದೆಯೇ ಪಾಠವನ್ನು ಪಾಲು ಮಾಡಿಕೊಂಡಿದ್ದೆವು. ಉಸಿರಿನ ಪಾಠ ಬಂದರೆ ಹನುಮವ್ವ ಹೇಳುತ್ತಾಳೆ, ಜ್ವರದ್ದು, ತಾಯಿ ಕಾರ್ಡು ಓದುವುದು ನನ್ನದು, ತೂಕದ್ದು ಇನ್ನೊಬ್ಬಳದು. ಹಸುಗೂಸಿನ ಮನೆಗೆ ಹೋಗುವಾಗಲೂ ಇಬ್ಬರು ಮೂವರು ಕೂಡಿಯೇ ಹೋಗುತ್ತಿದ್ದೆವು. ಈಗ ಆ ಕೋಣೆಯಲ್ಲಿ ನಮ್ಮ ಏಳು ಮಂದಿಯ ಪೈಕಿ ನಾನೊಬ್ಬಳೇ ಇದ್ದೆ. ಬಾಣಂತಿ ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಸರಿಸಿದ ಬಟ್ಟೆಯನ್ನೇ ಮತ್ತೆ ಮತ್ತೆ ಸರಿಸುವುದನ್ನು ಅಚಿಯೆಂಗ್ ಕಂಡಳು. "ಪೋಲೆ, ಮಾಮಾ," ಎಂದು ಮೆತ್ತಗೆ ಹೇಳಿ ಕೂಸನ್ನು ತೆಗೆದುಕೊಂಡಳು. ಗಡಿಯಾರ ಇಟ್ಟು ಒಂದು ನಿಮಿಷ ಪೂರಾ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅವಳ ನಗು ಹೋಯಿತು. ಕೂಸನ್ನು ತಾಯಿಯ ಎದೆಗೆ ಒತ್ತಿ ಕಟ್ಟಿ, ನಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸಿದಳು.

ಸಂಜೆ ಸುದ್ದಿ ಬಂತು. ಎದೆಯಲ್ಲಿ ಕಫ ಕಟ್ಟುವುದು ಶುರುವಾಗಿತ್ತಂತೆ, ಬೇಗ ಬಂದದ್ದು ಒಳ್ಳೆಯದಾಯಿತಂತೆ. ಎಲ್ಲರೂ ಸಮಾಧಾನಪಟ್ಟರು. ನನಗೆ ಅನ್ನ ಇಳಿಯಲಿಲ್ಲ. ಅಳವಂಡಿಯಲ್ಲಿ ಒಂದು ದಿನ ಹನುಮವ್ವ ಬರಲಾಗದೆ ನಾನೊಬ್ಬಳೇ ಹೋಗಿದ್ದರೆ? ಜ್ವರವಿಲ್ಲ, ಕೂಸು ಚೆನ್ನಾಗಿದೆ ಎಂದು ಹೇಳಿ ಎದ್ದು ಬರುತ್ತಿದ್ದೆನೋ ಏನೋ.

ಸಭೆ

ಮೂರನೆಯ ದಿನ ಪ್ರಾರ್ಥನೆ ಮಾಡಿ ಸಭೆ ಶುರು ಮಾಡಿದರು. ನಡೆಸುತ್ತಿದ್ದವರು ಆ ಸಂಸ್ಥೆಯ, ನರೆತ ತಲೆಯ ಒಬ್ಬ ಹಿರಿಯ ವೈದ್ಯರು, ಮಾತು ಮೆದು. ಗೋಡೆಯ ಮೇಲೆ ಅದೇ ಕಂಬಗಳು ಬಂದವು. ಫೋನಿನ ಪಾಠವನ್ನು ಯಾರೂ ಕೇಳುತ್ತಿಲ್ಲವಾದ್ದರಿಂದ ಅದನ್ನು ಕೈಬಿಡುವುದು ಒಳ್ಳೆಯದೆಂದು ಅವರು ಹೇಳುತ್ತಿದ್ದಾರೆ ಎಂದು ಸುಮಾ ಮೇಡಂ ಕಿವಿಯಲ್ಲಿ ಹೇಳಿದರು. ಎದ್ದು ಹೇಳಿರಿ ಎಂದು ಮೇಡಂ ಒತ್ತಾಯಿಸಲಿಲ್ಲ. ನನ್ನನ್ನು ನೋಡಲೂ ಇಲ್ಲ.

ಎದ್ದು ನಿಂತದ್ದು ನನಗೆ ನೆನಪಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದೆ, ಅದು ನೆನಪಿದೆ. ಕುರ್ಚಿಯಲ್ಲಿ ಕೂತಿದ್ದವರೂ ನನ್ನ ಜೊತೆ ಅಲುಗಾಡುತ್ತಿದ್ದರು.

"ಕಟ್ ಮಾಡಿದವ್ರೂ ಕೇಳ್ಯಾರ್ರಿ," ಎಂದೆ. "ನನ್ನ ಫೋನಿನಾಗ ಕೇಳ್ಯಾರ. ಆ ಎತ್ತರದ ಕಂಬ ನಾ ಒಬ್ಬಾಕಿ ಅಲ್ರಿ, ಏಳು ಮಂದಿ."

ಸುಮಾ ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಕಟ್ಟೆಯ ಸಂಗತಿಯನ್ನೆಲ್ಲ ನಾನು ಒಂದೊಂದೇ ಹೇಳಿದೆ. ಹಿರಿಯ ವೈದ್ಯರು ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು. ಹಾಗಾದರೆ ಆ ಉತ್ತರಗಳೆಲ್ಲ ನಿನಗೆ ಒಬ್ಬಳಿಗೇ ಬರುತ್ತವೆಯೇ?

ನಾನು ಹೆದರಿಕೊಂಡಿದ್ದ ಪ್ರಶ್ನೆ ಅದೇ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಅಚಿಯೆಂಗ್ ಅಲ್ಲೇ ಕೂತಿದ್ದಳು, ಅವಳೂ ಹೇಳುತ್ತಿರಲಿಲ್ಲ.

"ಇಲ್ರಿ," ಎಂದೆ. "ನಿನ್ನಿ ಆ ಕೂಸಿನ ಉಸಿರು ನನಗ ನೋಡಾಕ ಬರಲಿಲ್ಲ."

ಹೇಳಿ ಕುಕ್ಕರಿಸಿದೆ. ಮುಗಿಯಿತು, ಪಾಠವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಆಗ ಅಚಿಯೆಂಗ್ ಎದ್ದಳು. ನನ್ನ ಕಡೆ ಕೈ ಮಾಡಿ ಏನೇನೋ ಹೇಳಿದಳು, ಎಲ್ಲರೂ ನಕ್ಕರು. ನನ್ನನ್ನು ನೋಡಿ ನಗುತ್ತಿದ್ದಾರೆಂದು ಸೆರಗು ಮುಖಕ್ಕೆ ತಂದುಕೊಂಡೆ. ಆಮೇಲೆ ಮೇಡಂ ತಿಳಿಸಿದರು. ಟ್ಯಾಬಿನ ಪಾಠದ ಅವಳ ಕಂಬವೂ ಪೂರಾ ಅವಳದಲ್ಲವಂತೆ. ಬೆರಳು ಆಡಿಸದಿದ್ದರೆ ಪರದೆ ಆರಿಹೋಗುತ್ತದೆಂದು, ಅವಳು ಅಡುಗೆ ಮಾಡುವಾಗ ಅವಳ ಗಂಡ ಕೂತು ಪುಟ ಸರಿಸುತ್ತಿದ್ದನಂತೆ. ಕಂಬದ ಪ್ರಕಾರ ಆ ಓಣಿಯಲ್ಲಿ ಬಾಣಂತನ ಚೆನ್ನಾಗಿ ಬಲ್ಲವನು ಅವಳ ಗಂಡನೇ. ಉಸಿರು ಎಣಿಸುವುದನ್ನು ಅವಳು ಟ್ಯಾಬಿನಿಂದ ಕಲಿತಿರಲಿಲ್ಲ, ಹಿಂದೆ ಆಸ್ಪತ್ರೆಯ ನರ್ಸು ಕೈ ಹಿಡಿದು ಕಲಿಸಿದ್ದರು.

ಸಭೆ ಮಧ್ಯಾಹ್ನದ ತನಕ ನಡೆಯಿತು. ಕೊನೆಗೆ ಒಂದು ವರ್ಷ ಯಾವುದನ್ನೂ ನಿಲ್ಲಿಸುವುದು ಬೇಡವೆಂದರು. ಕಟ್ಟೆಯ ಮೇಲೆ ಕೂಡಿ ಕೇಳುವುದಾದರೆ ಕೇಳಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಪಾಠಗಳು ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಬಾಯಿಂದ ಪ್ರಶ್ನೆ ಕೇಳಬೇಕು, ಓದುವುದು ಬರೆಯುವುದು ಬೇಡ. ಒಬ್ಬಳೇ ಇದ್ದಾಗ ಉತ್ತರ ಹೇಳಲಾರದವಳನ್ನು, ಕಲಿಯುವವರೆಗೆ, ಹಸುಗೂಸಿನ ಮನೆಗೆ ಕಳಿಸಬಾರದು. ಮೊದಲು ಅಳವಂಡಿಯಿಂದಲೇ ಶುರು ಮಾಡೋಣ ಎಂದು ಹಿರಿಯ ವೈದ್ಯರು ನನಗೆ ಕೈ ಮುಗಿದು ಹೇಳಿದರು. ಅವರು ನಮ್ಮ ಪದ್ಧತಿಯಂತೆ ಕೈ ಮುಗಿದದ್ದು ಇನ್ನೂ ಹೆದರಿಕೆ ಹುಟ್ಟಿಸಿತು.

ಮೆಟ್ಟಿಲು

ಸಭೆ ನಡೆದ ಕಟ್ಟಡದ ಹಿಂದೆ ಕಲ್ಲಿನ ಮೆಟ್ಟಿಲುಗಳಿವೆ, ಅಲ್ಲಿ ಕೂತರೆ ಸರೋವರ ಕಾಣುತ್ತದೆ. ಸುಮಾ ಮೇಡಂ ತಮ್ಮ ಫೋನು ಹಚ್ಚಿಕೊಟ್ಟು ದೂರ ಹೋದರು. ಊರಿನಲ್ಲಿ ಆಗ ದೀಪ ಹಚ್ಚುವ ಹೊತ್ತು. ಹನುಮವ್ವ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವ ಸದ್ದು ಸಮುದ್ರ ದಾಟಿ ಕೇಳಿಸಿತು.

ಎಲ್ಲ ಹೇಳಿದೆ. ಪಾಠ ಉಳಿಯಿತು ಎಂದಾಗ ಅವಳು ಹುಲಿಗೆಮ್ಮ ದೇವಿಯ ಹೆಸರು ಕೂಗಿದಳು. ನಾನು ಎದ್ದು ನಿಂತು ಮಾತಾಡಿದೆ ಎಂಬುದನ್ನು ಮಾತ್ರ ನಂಬಲಿಲ್ಲ, ಮೇಡಂ ಬಾಯಿಂದ ಕೇಳುತ್ತೇನೆ ಎಂದಳು. ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾರೆ ಎಂದಾಗ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಯ್ಯುತ್ತಾಳೆ ಎಂದು ಕಾದೆ.

"ಶಾಂತವ್ವ," ಎಂದಳು ಆಮೇಲೆ. "ಜ್ವರದ ಮಾತು ನನಗ ಬರಂಗಿಲ್ಲಲ್ಲಬೇ. ಅದು ನಿಂದ ಇತ್ತು."

ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ನನ್ನೊಬ್ಬಳಿಗೇ ಭಯ ಎಂದು ತಿಳಿದಿದ್ದೆ.

ಅಲ್ಲೇ ಕೂತು ಅವಳಿಗೆ ಜ್ವರದ ಪಾಠ ಹೇಳಿದೆ. ಮೈ ಎಷ್ಟು ಬಿಸಿಯಾದರೆ ತಡಮಾಡಬಾರದು, ತಣ್ಣಗಾದರೂ ಯಾಕೆ ಅಷ್ಟೇ ಅಪಾಯ ಎಂದು ಹೇಳಿದೆ. ಅವಳು ಪ್ರತಿಯೊಂದಕ್ಕೂ ಹೂಂಗುಟ್ಟಿ, ತಿರುಗಿ ನನಗೇ ಹೇಳಿ ಒಪ್ಪಿಸಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿರಬೇಕು, ನಡುವೆ ಒಮ್ಮೆ ಯಾರಿಗೋ ಗದರಿದಳು. ನನಗೆ ಗೊತ್ತಿದ್ದದ್ದು ಮುಗಿಯಿತು. ಈಗ ನಿನ್ನದು ಹೇಳು, ಉಸಿರು ಹೇಗೆ ಎಣಿಸುವುದು ಎಂದು ಕೇಳಿದೆ.

"ಕೂಸು ಎಲ್ಲೈತಿ ಅಲ್ಲಿ? ನಿನ್ನ ಹೊಟ್ಟಿ ಮ್ಯಾಲ ಕೈ ಇಟ್ಕೋ," ಎಂದಳು. "ಕೈ ಮ್ಯಾಲ ಬಂದ್ರ ಒಂದು. ಕೆಳಗ ಹೋದದ್ದು ಎಣಸಬ್ಯಾಡ. ನಾ ಸಾಕು ಅನ್ನೂತನಕ ಎಣಸು. ಹಸುಗೂಸಿಂದು ನಿಮಿಷಕ್ಕ ಅರವತ್ತು ಮುಟ್ಟಿತಂದ್ರ ಕುಂದ್ರಬಾರದು, ಆಸ್ಪತ್ರಿಗೆ ಹೊಂಡಬೇಕು."

ಕೈ ಇಟ್ಟುಕೊಂಡೆ. ಹೆದರಿಕೆಯಿಂದಲೋ, ಎರಡು ದಿನ ಸರಿಯಾಗಿ ಉಣ್ಣದ್ದರಿಂದಲೋ, ನನ್ನ ಉಸಿರು ಓಡುತ್ತಿತ್ತು. ನಡುವೆ ಎಣಿಕೆ ತಪ್ಪಿತು. ತಪ್ಪಿತು ಎಂದು ಹೇಳಿದೆ.

"ತಪ್ಪಲಿ. ಮತ್ತ ಮೊದಲಿಂದ," ಎಂದಳು ಹನುಮವ್ವ.

ಮತ್ತೆ ಮೊದಲಿಂದ ಎಣಿಸಿದೆ.